ಮೂವತ್ತು ಮೊಟ್ಟೆ ಮತ್ತು ಕಾಲಿನ ಪಟ್ಟಿ

ನವೆಂಬರ್ ಕೊನೆಯ ವಾರ. ಚಳಿಗಾಲಕ್ಕೆ ಹಾಕಿಡುವ ಕಿಮ್ಚಿ ಎಂಬ ಖಾರದ ಉಪ್ಪಿನಕಾಯಿಗಾಗಿ ಕೋಸು ಸೀಳಿ ಉಪ್ಪಿನಲ್ಲಿ ನೆನೆಹಾಕುವ ಕೆಲಸ ನಮ್ಮೂರಲ್ಲಿ ನಡೆದಿತ್ತು. ಇಂದು ನಿಮ್ಮ ಅಂಗಳ, ನಾಳೆ ನಮ್ಮ ಅಂಗಳ. ಕೂಲಿಯಿಲ್ಲ, ಮುಯ್ಯಾಳು ಮಾತ್ರ.

ಅಂದು ಒಕ್‌ಬುನ್ ಮನೆಯ ಸರದಿ. ಪಕ್ಕದ ಮನೆಯ ಎಪ್ಪತ್ತೊಂದು ವರ್ಷದ ಮಾಕ್‌ಸೂನ್ ಕೋಸಿನ ಎಲೆಗಳ ನಡುವೆ ಉಪ್ಪು ಉದುರಿಸುತ್ತಿದ್ದವಳು ತಲೆ ಹಿಡಿದುಕೊಂಡು ಉಪ್ಪಿನ ಚೀಲದ ಮೇಲೆ ಕುಳಿತಳು. ರಬ್ಬರ್ ಬೂಟು ಕಳಚಿದಾಗ ಕಾಲಿನ ಹರಡಿನ ಮೇಲೆ ಕರಿಯ ಪಟ್ಟಿಯೊಂದು ಕಂಡಿತು.

"ಇದೇನಕ್ಕಾ?" ಎಂದಳು ಒಕ್‌ಬುನ್.

"ಬಿಪಿಗೆ ಕಣೆ. ಕಿಡ್ನಿ ಹತ್ರ ಇರೋ ನರಾನ ಸುಮ್ಮನಿರಿಸುತ್ತಂತೆ. ಮಾತ್ರೆ ಬಿಟ್ಟು ಇಪ್ಪತ್ತು ದಿನ ಆಯ್ತು."

"ಯಾರಂದ್ರು?"

"ಸಂತೆ ಹತ್ರ ಹಾಲ್ ಬಾಡಿಗೆಗೆ ಹಿಡಿದು ಅಂಗಡಿ ತೆಗೆದಿದ್ರಲ್ಲ, ಆ ಹುಡುಗ್ರು."

ಆ ಹುಡುಗರು ನಾಲ್ಕು ದಿನ ಹಾಡಿದ್ದರು, ಕುಣಿದಿದ್ದರು, 'ಅಮ್ಮಾ' ಎನ್ನುತ್ತ ಮುದುಕಿಯರ ಭುಜ ಒತ್ತಿದ್ದರು. ತಲೆಗೆ ಮೂವತ್ತು ಮೊಟ್ಟೆ ಬಿಟ್ಟಿ ಕೊಟ್ಟಿದ್ದರು. ಐದನೆಯ ದಿನ ಪಟ್ಟಿ ಮಾರಿದ್ದರು.

"ನಂಗೆ ಹತ್ತು ಕೊಟ್ಟೆಯಲ್ಲ, ಅದೇ ಮೊಟ್ಟೆನಾ?"

"ತಿನ್ನೋವಾಗ ಚೆನ್ನಾಗಿದೆ ಅಂದ್ಯಲ್ಲ."

ಒಕ್‌ಬುನ್ ಕೈಯ ಉಪ್ಪು ಒರೆಸಿಕೊಂಡಳು. ಆರೋಗ್ಯ ಕೇಂದ್ರದ ನರ್ಸ್ ಸೊಹಿಗೆ ಫೋನ್ ಮಾಡಿದಳು. ಸೊಹಿ ಬಂದು, ಮಾಕ್‌ಸೂನ್‌ಳನ್ನು ಐದು ನಿಮಿಷ ಮಾತಿಲ್ಲದೆ ಕೂರಿಸಿ, ಎರಡು ಸಲ ಬಿಪಿ ನೋಡಿದಳು. ಮೇಲಿನದು ನೂರ ಎಂಬತ್ತೆಂಟು, ಕೆಳಗಿನದು ನೂರ ನಾಲ್ಕು.

"ಪಟ್ಟಿ ಮಾರಿದ ಹುಡುಗ ಚಿತ್ರ ತೋರಿಸಿದ," ಮಾಕ್‌ಸೂನ್ ಪಟ್ಟು ಬಿಡಲಿಲ್ಲ. "ದೊಡ್ಡಾಸ್ಪತ್ರೇಲೂ ಇದನ್ನೇ ಮಾಡ್ತಾರಂತೆ. ಸುಳ್ಳಾ?"

"ಚಿತ್ರ ಆಸ್ಪತ್ರೇದು, ಪಟ್ಟಿ ಅವನದು," ಎಂದಳು ಸೊಹಿ. ಅವಳ ದನಿ ಗಡುಸಾಗಿತ್ತು. "ಅಂಥ ಚಿಕಿತ್ಸೆ ಇದೆ, ಅಮ್ಮ. ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ತೂರಿಸಿ, ಕಿಡ್ನಿಯ ರಕ್ತನಾಳದ ಸುತ್ತ ಇರೋ ನರಗಳನ್ನ ಒಳಗಿನಿಂದ ಶಾಖ ಕೊಟ್ಟು ಅಡಗಿಸ್ತಾರೆ. ಮಾತ್ರೆ ಸರಿಯಾಗಿ ನುಂಗಿದರೂ ಬಿಪಿ ಇಳೀದಿರೋ ಕೆಲವರಿಗೆ, ಎಲ್ಲಾ ಪರೀಕ್ಷೆ ಆದಮೇಲೆ. ಆಮೇಲೂ ಬಿಪಿ ಸ್ವಲ್ಪ ಇಳೀಬಹುದು, ಅಷ್ಟೆ. ಎಷ್ಟೋ ಜನ ಮಾತ್ರೆ ಮುಂದುವರಿಸ್ತಾರೆ. ಕಾಲಿಗೆ ಕಟ್ಟೋ ಪಟ್ಟಿ ಅಲ್ಲಿಗೆ ಹೇಗೆ ತಲುಪುತ್ತೆ?"

"ಅಷ್ಟು ಪ್ರೀತಿಯಿಂದ ಮಾತಾಡಿಸಿದ್ರು..."

"ಅದಕ್ಕೇ ನಂಗೆ ಉರಿಯೋದು. ನಿಮ್ಮ ಭುಜ ಒತ್ತೋರಿಲ್ಲ ಅಂತ ನೋಡ್ಕೊಂಡೇ ಬಂದಿದ್ದಾರೆ. ಈ ಇಪ್ಪತ್ತು ದಿನದಲ್ಲಿ ಲಕ್ವ ಹೊಡೆದು ಒಂದು ಕೈ, ಒಂದು ಕಾಲು ಬಿದ್ದುಹೋಗಿದ್ರೆ ಅವರು ಬಂದು ಸ್ನಾನ ಮಾಡಿಸ್ತಿದ್ರಾ? ಹೃದಯಕ್ಕೆ ಏಟು ಬಿದ್ದಿದ್ರೆ?"

ಮಾಕ್‌ಸೂನ್ ಪಟ್ಟಿ ಬಿಚ್ಚಿ ಸೊಹಿಯ ಕೈಗಿತ್ತಳು. ಸೊಹಿ ಅವಳನ್ನು ಆಗಲೇ ಕಾರಿನಲ್ಲಿ ಡಾಕ್ಟರ ಬಳಿಗೆ ಕರೆದೊಯ್ದಳು. ದಾರಿಯಲ್ಲಿ ಸಂತೆಯ ಹಾಲ್‌ಗೆ ಬೀಗ ಬಿದ್ದಿರುವುದು ಕಂಡಿತು.

ಮತ್ತೆ ಮಾತ್ರೆ ಶುರುವಾಯಿತು. ಹನ್ನೆರಡು ದಿನಕ್ಕೆ ಮೇಲಿನ ಅಂಕೆ ನೂರ ನಲವತ್ತಕ್ಕೆ ಇಳಿಯಿತು. ಅಂದೇ ಮಾಕ್‌ಸೂನ್ ರಬ್ಬರ್ ಬೂಟು ಹಾಕಿಕೊಂಡು ಒಕ್‌ಬುನ್ ಅಂಗಳಕ್ಕೆ ಬಂದಳು.

"ಅರ್ಧ ದಿನದ ಮುಯ್ಯಿ ಬಾಕಿ ಇದೆ."

"ಮೂಲಂಗಿ ಇದೆ, ಹೆಚ್ಚಿಕೊಡು ಬಾ. ಉಪ್ಪು ಮಾತ್ರ ನಾನೇ ಹಾಕ್ತೀನಿ, ನಿನ್ನ ಕೈ ಧಾರಾಳ."

ಸಂಜೆಯೊಳಗೆ ಮಾಕ್‌ಸೂನ್ ತನ್ನ ಬಾಕಿ ತೀರಿಸಿದಳು. ಅವಳ ಇಪ್ಪತ್ತು ದಿನಗಳನ್ನು ಕದ್ದವರು ಇನ್ನೂ ತೀರಿಸಿಲ್ಲ. ಇಷ್ಟುಹೊತ್ತಿಗೆ ಬೇರೊಂದು ಸಂತೆಯಲ್ಲಿ ಮೊಟ್ಟೆ ಹಂಚುತ್ತಿರಬಹುದು. ಅದು ನಿಮ್ಮೂರ ಸಂತೆಯಾದರೆ ಮೊಟ್ಟೆಗೆ ಕೈ ಚಾಚಬೇಡಿ, ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿ. ಮಾತ್ರೆ ಬಿಡು ಎಂದು ಯಾರೇ ಹೇಳಲಿ, ಎಷ್ಟೇ ಪ್ರೀತಿಯಿಂದ ಹೇಳಲಿ, ನಿಮ್ಮ ಡಾಕ್ಟರನ್ನು ಕೇಳುವವರೆಗೆ ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಬೇಡಿ.