ಬಳೆಚೂರಿನ ಪರದೆ

ಸುಣ್ಣಕ್ಕೆ ನಲವತ್ತೈದು ನಯೇಪೈಸೆ, ಅದಕ್ಕೆ ಬೆರೆಸುವ ನೀಲಿಗೆ ಹತ್ತು, ಒಡೆದ ಬಳೆಗೆ ಮುಕ್ಕಾಲು ರೂಪಾಯಿ, ಮೇಣಬತ್ತಿಯ ಒಂದು ಪಾಕೀಟಿಗೆ ಅರವತ್ತು, ಮೊಳೆಗೆ ಇಪ್ಪತ್ತೈದು. ಒಟ್ಟು ಎರಡು ರೂಪಾಯಿ ಹದಿನೈದು ಪೈಸೆ. ಗೋಡೆಯ ಅಂಚಿಗೆ ಬಳಿದ ಕೆಮ್ಮಣ್ಣು ಪುಕ್ಕಟೆ, ಧಾರವಾಡದಲ್ಲಿ ಅದಕ್ಕೇನು ಬರವಿಲ್ಲ. ಕಾಗದ ಅಂಟಿಸುವ ಸರಿಯನ್ನು ಮೆಸ್ಸಿನ ಅಡುಗೆಯವನು ಉಳಿದ ಹಿಟ್ಟಿನಲ್ಲಿ ಕುದಿಸಿಕೊಟ್ಟಿದ್ದ. ಕೌದಿಗೆ ಮಾತ್ರ ಬೆಲೆ ಕಟ್ಟುವ ಹಾಗಿರಲಿಲ್ಲ. ಅವ್ವ ಶೇವಂತೆವ್ವ ಎರಡು ಬೇಸಿಗೆ ಕೂತು ಹೊಲಿದದ್ದು ಅದು.

ಇಷ್ಟರಲ್ಲೇ ಹುಲಗಪ್ಪ ತನಗೊಂದು ಕೋಣೆ ಮಾಡಿಕೊಂಡಿದ್ದ. ಮಾಡಿಕೊಳ್ಳದೆ ಗತಿ ಇರಲಿಲ್ಲ.

೧೯೬೧ರ ಜೂನಿನಲ್ಲಿ ಗರಗದ ಕೇರಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗ ಅವನು. ಹಾಸ್ಟೆಲಿನಲ್ಲಿ ಮೂರು ವಾರಕ್ಕೆ ಮೂರು ಕೋಣೆ ಬದಲಾಯಿಸಿದ್ದ. ಮೊದಲನೆಯ ಕೋಣೆಯವರು ಅವನ ಟ್ರಂಕನ್ನು ಮಾಳಿಗೆಯಿಂದ ಕೆಳಗೆ ಎಸೆದರು. ಎರಡನೆಯವರು ಹಾಸಿಗೆಗೆ ನೀರು ಸುರಿದು, ಮಳೆ ಸೋರಿತು ಎಂದರು. ಮೂರನೆಯ ಕೋಣೆಯಲ್ಲಿ ಗುರುಶಿದ್ದಪ್ಪ ಇದ್ದ. ಅವನೂ ಗರಗದವನೇ, ಗೌಡರ ಮಗ, ಬಿ.ಎ. ಎರಡನೆಯ ವರ್ಷ. ಊರಲ್ಲಿ ತನ್ನ ಮನೆಯ ಹಿತ್ತಲಿಗೆ ಬಂದು ಅಂಬಲಿ ಬೇಡುವವಳ ಮಗ ಇಲ್ಲಿ ತನ್ನ ಪಕ್ಕದ ಮಂಚದಲ್ಲಿ ಮಲಗುವುದನ್ನು ಅವನು ಒಂದು ರಾತ್ರಿ ಸಹಿಸಿದ. ಬೆಳಿಗ್ಗೆ ಚರ್ಮದ ಪಟ್ಟಿ ಬಿಚ್ಚಿ ಬೆನ್ನ ಮೇಲೆ ಆರು ಬರೆ ಎಬ್ಬಿಸಿ ಹೊರಗೆ ಹಾಕಿದ.

ರೆಕ್ಟರ್ ಯಜ್ಞೇಶ್ವರ ಮಾಸ್ತರರು ಕೆಟ್ಟವರಲ್ಲ, ಆದರೆ ಧೈರ್ಯದವರೂ ಅಲ್ಲ. ಯಾರನ್ನೂ ಶಿಕ್ಷಿಸದೆ ಮಧ್ಯದ ದಾರಿ ಹುಡುಕಿದರು. ಮೆಟ್ಟಿಲ ಕೆಳಗೆ ಒಂದು ಹಳೆಯ ಉಗ್ರಾಣವಿತ್ತು. ಕಿಟಕಿ ಒಂದೇ, ಬಾಗಿಲಿಗೆ ಚೌಕಟ್ಟು ಇತ್ತು, ಕದ ಇರಲಿಲ್ಲ. ಜುಲೈ ಹದಿನೈದಕ್ಕೆ ಬೆಳಿಗ್ಗೆ ಹತ್ತು ಗಂಟೆಗೆ ಹಾಸ್ಟೆಲ್ ಕಮಿಟಿಯವರು ಬರುತ್ತಾರೆ. ಮನುಷ್ಯರು ಇರುವ ಹಾಗಿದೆ ಎಂದು ಅವರು ಬರೆದರೆ ಪದವಿ ಮುಗಿಯುವವರೆಗೆ ಅದು ನಿನ್ನದು, ಇಲ್ಲವಾದರೆ ಊರಿಗೆ ಹೋಗು ಎಂದರು. ಊರೆಂದರೆ ಗೌಡರ ಹೊಲ. ಹುಲಗಪ್ಪನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ.

ಮೊದಲ ದಿನ ಎರಡು ಚೇಳು ಕೊಂದ. ಎರಡನೆಯ ದಿನ ಬಾವಲಿಯ ಹಿಕ್ಕೆ ಕೆರೆದ. ಸುಣ್ಣ ಬಳಿದ ಮೇಲೆ ಕೋಣೆ ಕಣ್ಣು ಬಿಟ್ಟಿತು. ಎಣ್ಣೆಯ ಖಾಲಿ ಡಬ್ಬಿಗಳನ್ನು ಸೀಳಿ ಪುಸ್ತಕ ಇಡುವ ಹಲಗೆ ಮಾಡಿದ. ಸಿಮೆಂಟ್ ಚೀಲದ ಕಾಗದದಲ್ಲಿ ಎಲೆ, ಬಳ್ಳಿ ಕತ್ತರಿಸಿ ಛಾವಣಿಗೆ ಅಂಟಿಸಿದ. ಸಿಗರೇಟ್ ಪಾಕೀಟಿನ ಬೆಳ್ಳಿ ಹಾಳೆಯನ್ನು ಹೊಸೆದು, ಅವ್ವ ಖಾದಿ ನೂಲುವಾಗ ಉಳಿದ ದಾರದಲ್ಲಿ ಪೋಣಿಸಿ ಕಿಟಕಿಗೆ ಕಟ್ಟಿದ.

ಕದ ಕೊಳ್ಳಲು ದುಡ್ಡಿರಲಿಲ್ಲ. ಕಾಲೇಜಿನ ಗೇಟಿನ ಬಳಿ ಟಾಂಗಾ ನಿಲ್ಲಿಸುವ ಹುಸೇನಬಾಷಾನ ಹೆಂಡತಿ ಅಬೀದಾ ಬಳೆ ಮಾರುವವಳು. ಒಡೆದ ಬಳೆಗಳ ಒಂದು ಬುಟ್ಟಿಯನ್ನು ಅವಳು ಮುಕ್ಕಾಲು ರೂಪಾಯಿಗೆ ಕೊಟ್ಟು, ಕೆಲಸವನ್ನೂ ಕಲಿಸಿದಳು. ಚೂರನ್ನು ಚಿಮಟಿಗೆಯಲ್ಲಿ ಹಿಡಿದು ಮೇಣಬತ್ತಿಯ ಉರಿಗೆ ಒಡ್ಡಬೇಕು. ಗಾಜು ಕೆಂಪಾಗಿ ಬಾಗಿದಾಗ ಒಂದರ ಕೊರಳಿಗೆ ಇನ್ನೊಂದನ್ನು ಕೊಂಡಿ ಹಾಕಬೇಕು. ಹೀಗೆ ಸರಪಳಿ ಬೆಳೆಯುತ್ತದೆ, ಸರಪಳಿ ಮೂವತ್ತಾದರೆ ಪರದೆ.

"ತುದಿ ಎಲ್ಲಾ ಸುಟ್ಟು ಗುಂಡಗ ಮಾಡಪಾ," ಎಂದಿದ್ದಳು ಅಬೀದಾ. "ಹಂಗ ಬಿಟ್ಟಿ ಅಂದ್ರ ಅದು ಬಳಿ ಅಲ್ಲ, ಚೂರಿ."

ಹುಲಗಪ್ಪನ ಹತ್ತೂ ಬೆರಳ ತುದಿಯಲ್ಲಿ ಬೊಕ್ಕೆ ಎದ್ದವು. ಇಪ್ಪತ್ತೆಂಟು ಸರ ಮುಗಿಯುವ ಹೊತ್ತಿಗೆ ಮೇಣಬತ್ತಿಯೂ ಮುಗಿಯಿತು. ಇನ್ನೊಂದು ಪಾಕೀಟಿಗೆ ಅರವತ್ತು ಪೈಸೆ ಬೇಕು. ಕೊನೆಯ ಎರಡು ಸರಗಳ ಚೂರುಗಳನ್ನು ದಾರದಿಂದ ಕಟ್ಟಿ, ತುದಿ ಸುಡದೆ ಹಾಗೇ ತೂಗುಬಿಟ್ಟ. ಬಾಗಿಲ ಅಂಚಿನಲ್ಲಿರುತ್ತವೆ, ಯಾರ ಮೈಗೂ ತಾಗುವುದಿಲ್ಲ ಎಂದುಕೊಂಡ.

ಹದಿನಾಲ್ಕರಂದು ಶೇವಂತೆವ್ವ ಗರಗದಿಂದ ಕೌದಿ ಹೊತ್ತು ಬಂದಳು. ಅದನ್ನು ಎದುರು ಗೋಡೆಗೆ ತೂಗುಹಾಕಬೇಕೆಂಬುದು ಮಗನ ಆಸೆ. ಹೋಗುವಾಗ ಅವಳು ಒಂದೇ ಮಾತನ್ನು ಎರಡು ಸಲ ಹೇಳಿದಳು: ಇದರ ಒಳಮೈ ಗೋಡೆಯ ಕಡೆಗೇ ಇರಲಿ. ಸತ್ತವರ ಅರಿವೆಯನ್ನು ಕುಣಿ ತೋಡಿದವರಿಗೆ ಕೊಡುವುದು ಊರ ಪದ್ಧತಿ; ಅಂಥ ಅರಿವೆಯನ್ನು ಕೌದಿಯ ಒಳಮೈಗೆ ಹಾಕುವುದು ಕೇರಿಯ ಪದ್ಧತಿ. ಕೊಟ್ಟ ಮನೆಯವರ ಕಣ್ಣಿಗೆ ಅದು ಮತ್ತೆ ಬೀಳಬಾರದು.

ಅವ್ವ ಹೋದ ಮೇಲೆ ಹುಲಗಪ್ಪ ಕೌದಿಯನ್ನು ಗೋಡೆಗೆ ಹಿಡಿದು ನೋಡಿದ. ಹೊರಮೈ ಎಲ್ಲ ಮಾಸಿದ ಧೋತರದ ತುಂಡು. ಒಳಮೈಯ ನಟ್ಟನಡುವೆ ಇಳಕಲ್ ಸೀರೆಯ ಸೆರಗು, ಕೆಂಪು ರೇಷ್ಮೆಯಲ್ಲಿ ಬಿಳಿಯ ಗೋಪುರದ ಸಾಲು. ಸುಣ್ಣದ ಗೋಡೆಯ ಮೇಲೆ ಅದು ಉರಿಯುವ ದೀಪದ ಹಾಗೆ ಕಂಡಿತು. ಈ ಮೆಟ್ಟಿಲ ಕೆಳಗೆ ಬಂದು ಯಾರು ಗುರುತು ಹಿಡಿಯುತ್ತಾರೆ? ಒಳಮೈಯನ್ನೇ ಹೊರಗೆ ಮಾಡಿ ನಾಲ್ಕು ಮೊಳೆ ಹೊಡೆದ.

ಮರುದಿನ ಒಂಬತ್ತು ಗಂಟೆಗೆ ಗುರುಶಿದ್ದಪ್ಪ ಬಂದ. ಹಿಂದೆ ಇಬ್ಬರು ಗೆಳೆಯರು, ಒಬ್ಬನ ಕೈಯಲ್ಲಿ ಮೆಸ್ಸಿನ ಮುಸುರೆಯ ಬಕೀಟು. ಮೇಲಿನ ಮೆಟ್ಟಿಲಲ್ಲಿ ಮಾಳಿಗೆಯ ಕೋಣೆಯ ಏಕನಾಥ ಪುಸ್ತಕ ಹಿಡಿದು ನಿಂತಿದ್ದ. ಕೆಳಗೆ ಇಳಿಯಲೂ ಇಲ್ಲ, ತನ್ನ ಕೋಣೆಗೆ ಹೋಗಲೂ ಇಲ್ಲ.

ಗುರುಶಿದ್ದಪ್ಪ ಪರದೆ ಸರಿಸಿ ಒಳಗೆ ಬಂದು ಸುತ್ತ ನೋಡಿದ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು, ಅದೇ ಅವನ ಸಿಟ್ಟನ್ನು ಹೆಚ್ಚಿಸಿತು.

"ಲೇ ಹುಲಗ್ಯಾ, ಮದುಮಗನ ಖೋಲಿ ಮಾಡಿಯಲ್ಲೋ. ಹೆಣ್ಣ ಯಾರು ಕೊಟ್ಟಾರ ನಿನಗ?"

ಗೆಳೆಯರು ನಕ್ಕರು. ಕಮಿಟಿಯವರು ಬರುವ ಹೊತ್ತಾಗಿದೆ, ದಯಮಾಡಿ ಹೋಗಿ ಎಂದು ಹುಲಗಪ್ಪ ಕೈಮುಗಿದ. ಬಕೀಟಿನವನು ಮುಸುರೆಯನ್ನು ಗೋಡೆಗೆ ಎರಚಿದ. ನೀಲಿ ಬೆರೆತ ಸುಣ್ಣದ ಮೇಲೆ ಸಾರು, ಅನ್ನ, ಮಜ್ಜಿಗೆ ಸಾಲಾಗಿ ಇಳಿದವು. ಇನ್ನೊಬ್ಬ ಡಬ್ಬಿಯ ಹಲಗೆಗೆ ಒದ್ದ. ಪುಸ್ತಕಗಳು ಮುಸುರೆಯಲ್ಲಿ ಬಿದ್ದವು. ಹುಲಗಪ್ಪ ಬಗ್ಗಿ ಅವನ್ನು ಎತ್ತಲು ಹೋದಾಗ ಪಕ್ಕೆಗೆ ಒದೆ ಬಿತ್ತು. ಅವನು ಎದ್ದು ಹೊಡೆಯಲಿಲ್ಲ. ಹೊಡೆಯದೆ ಇರುವುದನ್ನು ಅವನಿಗೆ ಹಾಲಿನ ಜೊತೆ ಕುಡಿಸಿದ್ದರು.

ಗುರುಶಿದ್ದಪ್ಪ ಜೇಬಿನಿಂದ ಮಡಿಚುವ ಚಾಕು ತೆಗೆದು ಕೌದಿಯ ಮೇಲಿನ ಮೂಲೆಯಿಂದ ಸೀಳತೊಡಗಿದ. ಒಂದು ಗೇಣು ಸೀಳಿದ ಮೇಲೆ ಕೈ ನಿಂತಿತು. ಸೆರಗಿನ ಅಂಚಿನಲ್ಲಿ ರೂಪಾಯಿಯಗಲ ಸುಟ್ಟ ತೂತು, ಅದಕ್ಕೆ ಹಸಿರು ದಾರದ ಒಪ್ಪವಾದ ತೇಪೆ. ಅವನು ಆರು ವರ್ಷದವನಿದ್ದಾಗ ಆರತಿ ತಟ್ಟೆ ಜಗ್ಗಿ ತಾಯಿ ಗೌರಕ್ಕನ ಸೆರಗಿಗೆ ಬೆಂಕಿ ಹಚ್ಚಿದ್ದ. ಬೈಯದೆ, ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅವಳು ಆ ತೇಪೆ ಹಾಕಿದ್ದಳು. ಅವಳು ಸತ್ತು ಮೂರು ವರ್ಷವಾಗಿತ್ತು. ಪರೀಕ್ಷೆಗೆ ಕೂತಿದ್ದ ಮಗ ಊರಿಗೆ ಮುಟ್ಟುವ ಹೊತ್ತಿಗೆ ಮಣ್ಣು ಮುಗಿದು, ಮನೆಯಲ್ಲಿ ಅವಳ ಒಂದು ಬಳೆಯೂ ಉಳಿದಿರಲಿಲ್ಲ.

"ನಮ್ಮವ್ವನ ಸೀರಿ ಇದು," ಎಂದ. ದನಿ ತಗ್ಗಿತ್ತು. "ಎಲ್ಲಿ ಕದ್ದಿ?"

"ಕದ್ದಿಲ್ರಿ ಸಣ್ಣಗೌಡ್ರ. ನಿಮ್ಮಪ್ಪಾರ ಕೊಟ್ಟಾರ, ಕುಣಿ ತೋಡಿದ್ದಕ್ಕ. ತೋಡಿದಾವ ನಮ್ಮಪ್ಪ."

ನಿಜ ಹೇಳಿದ್ದೇ ತಪ್ಪಾಯಿತು. ಮುಂದಿನ ಹೊಡೆತ ಬಾಯಿಗೆ ಬಿತ್ತು. ಮುಂದಿನ ಎರಡು ಹಲ್ಲು ನಾಲಿಗೆಯ ಮೇಲೆ ಕಡಲೆಯ ಹಾಗೆ ಉರುಳಿದವು. ಗುರುಶಿದ್ದಪ್ಪ ಅವನ ತಲೆಯನ್ನು ಹಿಡಿದು ಗೋಡೆಗೆ ಒಂದು, ಎರಡು, ಮೂರು ಸಲ ಬಡಿದ. ಸುಣ್ಣದಲ್ಲಿ ಕೆಂಪು ಹೂವಿನ ಹಾಗೆ ಗುರುತು ಮೂಡಿತು. ಹೊಡೆಯುತ್ತ ಅವನು ಅಳುತ್ತಿದ್ದ. ಅದನ್ನು ನೋಡಿ ಗೆಳೆಯರಿಗೇ ಹೆದರಿಕೆಯಾಗಿ ಸಾಕು ಬಿಡೋ ಎಂದರು. ಅವನು ಬಿಡಲಿಲ್ಲ. ನೆಲಕ್ಕೆ ಕೆಡವಿ ಎದೆಯ ಮೇಲೆ ಮೊಣಕಾಲೂರಿ ಗಂಟಲು ಒತ್ತಿದ.

ಉಸಿರು ಕಟ್ಟಿದಾಗ ಹಾಲಿನ ಜೊತೆ ಕುಡಿದದ್ದೆಲ್ಲ ಮರೆತುಹೋಗುತ್ತದೆ. ಹುಲಗಪ್ಪನ ಕೈಗೆ ಡಬ್ಬಿಯ ತಗಡು ಸಿಕ್ಕಿತು. ಗೌಡರ ಮಗನ ಕಿವಿಯ ಮೇಲೆ ಬೀಸಿದ. ಜನ್ಮದಲ್ಲಿ ಮೊದಲ ಏಟು. ಎರಡನೆಯದು ಇನ್ನೂ ಸಲೀಸಾಗಿ ಬಂತು. ಮೂರನೆಯದಕ್ಕೆ ಗುರುಶಿದ್ದಪ್ಪ ಹಿಂದಕ್ಕೆ ಸರಿದ. ಹುಲಗಪ್ಪ ಮೇಲೆದ್ದು ಹೊಟ್ಟೆಗೆ ಒದ್ದ. ಅವನು ಇವನ ಕೂದಲು ಹಿಡಿದ, ಇವನು ಅವನ ಕೈ ಕಚ್ಚಿದ. ಇಬ್ಬರೂ ಹಾಗೇ ತಬ್ಬಿಕೊಂಡು ಬಾಗಿಲಿಗೆ ಬಂದು ಅಪ್ಪಳಿಸಿದರು.

ಬೀಳುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ಗುರುಶಿದ್ದಪ್ಪನ ಬಲಗೈಗೆ ಬಾಗಿಲಂಚಿನ ಸರಗಳು ಸಿಕ್ಕವು, ಸುಡದೆ ಬಿಟ್ಟ ಎರಡು ಸರಗಳು. ಮೈಭಾರವೆಲ್ಲ ಹಾಕಿ ಜಗ್ಗಿದ. ಪರದೆ ಪೂರ್ತಿ ಕಿತ್ತು ಇಬ್ಬರ ಮೇಲೂ ಸುರಿಯಿತು. ಎದ್ದು ನೋಡಿದರೆ ಗುರುಶಿದ್ದಪ್ಪನ ಮಣಿಕಟ್ಟು ಬಾಯಿ ಬಿಟ್ಟಿತ್ತು. ಮೊದಲು ಬೆಳ್ಳಗೆ ಕಂಡಿತು, ಆಮೇಲೆ ರಕ್ತ ಚಿಮ್ಮಿ ಎದುರಿನ ಮೆಟ್ಟಿಲವರೆಗೆ ಹೋಯಿತು.

ಗೆಳೆಯರು ಓಡಿಹೋದರು. ಗುರುಶಿದ್ದಪ್ಪ ಕೈಯನ್ನು ತನ್ನದಲ್ಲವೇನೋ ಎಂಬಂತೆ ನೋಡುತ್ತ ಕುಸಿದ. ಹುಲಗಪ್ಪ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ನಿಂತಿದ್ದ. ಬೆನ್ನಿನ ಆರು ಬರೆಯೂ ಅವನಿಗೆ ನೆನಪಾದವು. ರಕ್ತ ಹರಿದುಹೋಗಲಿ ಎನಿಸಿತು. ಎನಿಸಲಿಲ್ಲ ಎಂದು ಅವನು ಮುಂದೆಯೂ ಯಾರಿಗೂ ಸುಳ್ಳು ಹೇಳಲಿಲ್ಲ.

ಆಮೇಲೆ ಒಳಗೆ ಹೋಗಿ ಸೀಳಿದ ಕೌದಿಯಿಂದ ಕೆಂಪು ಸೆರಗನ್ನು ಹರಿದು ತಂದ. ರೇಷ್ಮೆ ಗಟ್ಟಿ, ಜಗ್ಗಿದರೆ ತುಂಡಾಗುವುದಿಲ್ಲ ಎಂಬುದಷ್ಟೇ ಆಗ ಅವನ ತಲೆಯಲ್ಲಿದ್ದದ್ದು. ಮೊಣಕೈಯ ಕೆಳಗೆ ಸುತ್ತಿ, ಗಂಟಿನಲ್ಲಿ ಮೇಣಬತ್ತಿಯ ಚಿಮಟಿಗೆ ತೂರಿಸಿ ತಿರುವಿದ. ಕಟ್ಟಿಗೆಯ ಹೊರೆ ಕಟ್ಟುವುದು ಹಾಗೆಯೇ. ರಕ್ತ ನಿಂತಿತು. ಗೌಡರ ಮಗನನ್ನು ಹೆಗಲ ಮೇಲೆ ಹೊತ್ತು ಗೇಟಿಗೆ ನಡೆದ. ಅಷ್ಟರಲ್ಲಿ ಏಕನಾಥನ ಕಾಲು ಕೊನೆಗೂ ಎದ್ದಿತ್ತು. ಓಡಿಹೋಗಿ ಹುಸೇನಬಾಷಾನ ಟಾಂಗಾ ತಿರುಗಿಸಿ ನಿಲ್ಲಿಸಿದ್ದ.

ಹತ್ತು ಗಂಟೆಗೆ ಬಂದ ಕಮಿಟಿಯವರು ಮುಸುರೆ, ರಕ್ತ, ಗಾಜು ನೋಡಿ, ದನಕ್ಕೂ ತಕ್ಕ ಜಾಗವಲ್ಲ ಎಂದು ಬರೆದು ಹೋದರು.

ಮಧ್ಯಾಹ್ನ ದವಾಖಾನೆಗೆ ಗೌಡರು ಬಂದರು, ಜೊತೆಗೆ ಯಜ್ಞೇಶ್ವರ ಮಾಸ್ತರರು. ಫೌಜದಾರನಿಗೆ ಹೇಳಿ ಕಳಿಸಿ, ಈ ಹುಡುಗನ ಕೈಗೆ ಬೇಡಿ ಹಾಕಿಸುತ್ತೇನೆ ಎಂದು ಗೌಡರು ವರಾಂಡದಲ್ಲೇ ಕೂಗಾಡಿದರು. ಬಾಯಿ ಬಾತು ಕುಳಿತಿದ್ದ ಹುಲಗಪ್ಪ ತಲೆ ಎತ್ತಲಿಲ್ಲ. ಅವನ ಕೈಯಲ್ಲಿ ನಲ್ಲಿಗೆ ಹಿಡಿದು ತೊಳೆದ ಕೆಂಪು ಅರಿವೆ ಇತ್ತು. ಡಾಕ್ಟರು ಬಿಚ್ಚಿ ಎಸೆದದ್ದನ್ನು ಅವನು ಆರಿಸಿಕೊಂಡಿದ್ದ.

ಎಲ್ಲರೂ ಮಂಚದ ಹತ್ತಿರ ಹೋದರು. ಹೇಗಾಯಿತು ಎಂದು ಮಾಸ್ತರರು ಕೇಳಿದರು. ಕೋಣೆ, ಕಾಲೇಜು, ಜೈಲು, ಎಲ್ಲವೂ ಈಗ ಒಬ್ಬನ ನಾಲಿಗೆಯ ಮೇಲಿತ್ತು.

ಗುರುಶಿದ್ದಪ್ಪ ತಂದೆಯನ್ನು ಕೇಳಿದ.

"ಅವ್ವನ ಸೀರಿ ನನ್ನ ಕೇಳಲಾರದ ಯಾಕ ಕೊಟ್ರಿ?"

ಪದ್ಧತಿ ಎಂದರು ಗೌಡರು.

"ಒಂದು ತುಣುಕರ ನನಗ ಬೇಕಾಗಿತ್ತು," ಎಂದ ಮಗ. ಮಾಸ್ತರರ ಕಡೆ ತಿರುಗಿದ. "ನಾವು ಮೂರು ಮಂದಿ ಹೋಗಿದ್ವಿ. ಮೊದಲ ಹೊಡದಾವ ನಾನು. ಪರದಿ ಜಗ್ಗಿದಾವನೂ ನಾನ. ಬರಕೋರಿ."

ಹುಲಗಪ್ಪ ಅರಿವೆಯನ್ನು ಹಾಸಿಗೆಯ ಅಂಚಿಗಿಟ್ಟ. ಗುರುಶಿದ್ದಪ್ಪ ಅದನ್ನು ಎಡಗೈಯಿಂದ ದಿಂಬಿನ ಕೆಳಗೆ ತಳ್ಳಿಕೊಂಡ. ಇಬ್ಬರೂ ಕ್ಷಮೆ ಕೇಳಲಿಲ್ಲ. ಮುಂದೆ ಒಂದೇ ಹಾಸ್ಟೆಲಿನಲ್ಲಿ ಎರಡು ವರ್ಷ ಇದ್ದರೂ ಮಾತಾಡಲಿಲ್ಲ.

ಬರೆದುಕೊಂಡ ಮೇಲೆ ಮಾಸ್ತರರಿಗೆ ಹಿಂದೆ ಸರಿಯಲು ಜಾಗ ಉಳಿಯಲಿಲ್ಲ. ಮುಂದಿನ ವಾರ ಕಮಿಟಿಯವರನ್ನು ಮತ್ತೆ ಕರೆಸಿದರು. ಅಷ್ಟರಲ್ಲಿ ಹುಲಗಪ್ಪ ಗೋಡೆಗೆ ಮತ್ತೆ ಸುಣ್ಣ ಬಳಿದಿದ್ದ, ಕೌದಿಯ ತೂತಿಗೆ ಗೋಣಿಯ ತೇಪೆ ಹಾಕಿ ಹೊರಮೈಯನ್ನೇ ಹೊರಗೆ ಮಾಡಿ ತೂಗುಹಾಕಿದ್ದ. ಬಾಗಿಲಿಗೆ ಮೆಸ್ಸಿನ ಹಳೆಯ ಪೆಟ್ಟಿಗೆಯ ಹಲಗೆ ಜೋಡಿಸಿದ ಕದ ಬಂದಿತ್ತು. ಕೋಣೆ ಅವನ ಹೆಸರಿಗಾಯಿತು.

ಹುಲಗಪ್ಪನಿಗೆ ಸಿಕ್ಕಿದ್ದು ಒಂದು ಕೋಣೆ, ಮುಂದೆ ಬಿ.ಎ. ಹೋದದ್ದು ಎರಡು ಹಲ್ಲು, ಅವ್ವನ ಕೌದಿಯ ನಟ್ಟನಡುವಿನ ತುಂಡು. ಗುರುಶಿದ್ದಪ್ಪನ ಬಲಗೈಯ ಎರಡು ಬೆರಳು ಮತ್ತೆ ಮಡಿಚಲಿಲ್ಲ. ಅವನು ಎಡಗೈಯಲ್ಲಿ ಬರೆಯಲು ಕಲಿತ. ಆ ಎರಡು ಸರಗಳ ತುದಿ ಸುಡಲು ಬೇಕಾಗಿದ್ದದ್ದು ಇನ್ನೊಂದು ಪಾಕೀಟು ಮೇಣಬತ್ತಿ, ಅರವತ್ತು ಪೈಸೆ.