ಇಝ್ಝಾ ಹೊಲಿದ ಬಿಳಿ ಓವರಾಲ್

ರಾಶಿಯಿಂದ ಎಳೆದುಕೊಂಡ ಓವರಾಲ್‌ನ ಕಂಕುಳು ಇನ್ನೂ ಒದ್ದೆಯಾಗಿತ್ತು. ಯಾರದೋ ನಿನ್ನೆಯ ಬೆವರು. ಇಝ್ಝಾಳಿಗೆ ಬೆಳಗ್ಗೆ ಕುಡಿದ ಪುದೀನ ಚಹಾ ಗಂಟಲಿಗೆ ಬಂತು. ಉಸಿರು ಬಿಗಿಹಿಡಿದು ಕಾಲು ತೂರಿಸಿದಳು. ಹಿಂದೆ ಸಾಲಿನಲ್ಲಿ ನಿಂತವರು ಆಗಲೇ ತಳ್ಳುತ್ತಿದ್ದರು.

ಮೊರೊಕ್ಕೊದ ಸಫಿ ಊರಿನ ಆ ಸಾರ್ಡಿನ್ ಮೀನಿನ ಕಾರ್ಖಾನೆಯಲ್ಲಿ ಹೆಂಗಸರಿಗೆಲ್ಲ ಒಂದೇ ಬಗೆಯ ನೈಲಾನ್ ಓವರಾಲ್. ಕತ್ತಿನಿಂದ ಹರಡಿನವರೆಗೆ ಒಂದೇ ತುಂಡು. ಇದು ನಿನ್ನದು, ಇದು ನನ್ನದು ಎಂಬುದಿಲ್ಲ. ಸಂಜೆ ಬಿಚ್ಚಿ ರಾಶಿಗೆ ಎಸೆಯಬೇಕು, ಬೆಳಗ್ಗೆ ಕೈಗೆ ಸಿಕ್ಕಿದ್ದನ್ನು ಹಾಕಿಕೊಳ್ಳಬೇಕು. ಒಗೆಯುವುದು ಗುರುವಾರ ಮಾತ್ರ. ಬುಧವಾರದ ಹೊತ್ತಿಗೆ ಆ ರಾಶಿಯ ಪಕ್ಕದಲ್ಲಿ ಮೀನೇ ಪರಿಮಳ ಅನ್ನಿಸುತ್ತಿತ್ತು.

ಹೋದ ಬೇಸಿಗೆಯಲ್ಲಿ ಇಝ್ಝಾಳ ಕತ್ತು, ತೊಡೆಸಂದು ಎಲ್ಲ ಗುಳ್ಳೆ ಎದ್ದು ರಸಿಕೆಯಾಗಿತ್ತು. ಮೇಲ್ವಿಚಾರಕಿ ತಾಮು ನೋಡಿ, "ಹುಣ್ಣಿನ ಮೈಯಲ್ಲಿ ಮೀನು ಮುಟ್ಟಬಾರದು, ಮನೆಗೆ ಹೋಗು" ಅಂದಿದ್ದಳು. ಬೇಸಿಗೆ ಪೂರ್ತಿ ಕೆಲಸ ಹೋಯಿತು. "ಇನ್ನೊಂದು ಸಲ ಹೀಗಾದರೆ ಬರಲೇ ಬೇಡ" ಎಂದೂ ಹೇಳಿದ್ದಳು. ಗಂಡ ಸತ್ತವಳಿಗೆ ಇದ್ದದ್ದು ಅದೊಂದೇ ಕೆಲಸ.

ಹಾಗಾಗಿ ಈ ಸಲ ಬೇಸಿಗೆ ಏರುವ ಮೊದಲೇ ಅವಳು ಪೆಟ್ಟಿಗೆಯ ತಳದಿಂದ ತನ್ನ ಬಿಳಿ ಜೆಲ್ಲಾಬಾ, ಪಾದದವರೆಗಿನ ನಿಲುವಂಗಿ, ತೆಗೆದಳು. ಗಂಡ ಸತ್ತಾಗ ಉಟ್ಟ ಬಿಳಿ. ಸೂತಕ ಮುಗಿದ ದಿನ ಸ್ನಾನ ಮಾಡಿ ಅದನ್ನು ಬಡವರಿಗೆ ಕೊಟ್ಟುಬಿಡಬೇಕು, ಮನೆಯಲ್ಲಿ ಇಟ್ಟುಕೊಂಡರೆ ಮತ್ತೊಂದು ಹೆಣ ಬೀಳುತ್ತದೆ ಅನ್ನುತ್ತಾರೆ. ಇಝ್ಝಾ ಕೊಟ್ಟಿರಲಿಲ್ಲ. ಆ ಮನುಷ್ಯ ಬದುಕಿದ್ದಾಗ ಒಂದು ಗಜ ಬಟ್ಟೆ ತಂದವನಲ್ಲ. ಸತ್ತ ಮೇಲಾದರೂ ಅವನ ಹೆಸರಿನಲ್ಲಿ ಒಳ್ಳೆಯ ಹತ್ತಿ ಬಂದಿತ್ತು, ಬಿಡುವುದಕ್ಕೆ ಮನಸ್ಸಾಗಲಿಲ್ಲ.

ಹೊಲಿಗೆಯನ್ನೆಲ್ಲ ಬಿಚ್ಚಿ, ಬಟ್ಟೆಯನ್ನು ನೆಲಕ್ಕೆ ಹಾಸಿ, ಕೈಮೆಷಿನ್ ಇಟ್ಟುಕೊಂಡು ತನ್ನದೇ ಒಂದು ಓವರಾಲ್ ಹೊಲಿಯಲು ಕೂತಳು. ಗಾಳಿಯಾಡಲೆಂದು ಸೊಂಟ ಸಡಿಲ ಬಿಟ್ಟಳು. ತೋಳು ಎತ್ತಿದಾಗ ಹಿಡಿಯದಂತೆ ಕಂಕುಳಿಗೆ ಚೌಕದ ತುಂಡು ಸೇರಿಸಿದಳು. ಬಟ್ಟೆ ಸಾಲದೆ ಹೋದಾಗ ತೋಳಿನ ತುದಿ ಮಡಿಚದೆ, ಥಾನಿನ ಅಂಚನ್ನೇ ಅಲ್ಲಿಗೆ ತಂದಳು. ಅಂಚಿನಲ್ಲಿ ಸಣ್ಣದೊಂದು ನೀಲಿ ಗೆರೆಯಿತ್ತು. ಅದೇ ಅವಳನ್ನು ಹಿಡಿದುಕೊಟ್ಟದ್ದು.

ಹಾಕಿಕೊಂಡು ಹೋದ ದಿನವೇ, ಎದುರಿಗೆ ನಿಂತು ಮೀನಿನ ತಲೆ ಮುರಿಯುತ್ತಿದ್ದ ಬತೂಲ್ ಕೈ ನಿಲ್ಲಿಸಿದಳು. ಹಲ್ಲುನೋವಿಗೆಂದು ಯಾವಾಗಲೂ ಲವಂಗ ಕಚ್ಚಿಕೊಂಡಿರುವ ಹೆಂಗಸು. ಇಝ್ಝಾಳ ಬೀದಿಯವಳೇ.

"ಏನೇ ಇದು? ಈ ನೀಲಿ ಗೆರೆ ನಂಗೊತ್ತು ಕಣೇ! ನಿನ್ ಗಂಡ ಸತ್ತಾಗ ನಾನೇ ಅಲ್ವೇನೇ ಈ ಬಟ್ಟೆ ತಂದುಕೊಟ್ಟದ್ದು?"

"ಹೌದು. ಒಳ್ಳೇ ಬಟ್ಟೆ ತಂದಿದ್ದೆ."

"ಥೂ!" ಬತೂಲ್ ನೆಲಕ್ಕೆ ಉಗಿದಳು. "ಸಾವಿನ ಬಟ್ಟೆ ಹಾಕ್ಕೊಂಡು ಮುತ್ತೈದೇರ ಮಧ್ಯೆ ನಿಂತಿದ್ದೀಯಲ್ಲೇ! ಲಲ್ಲಾ ತಾಮು, ಅಮ್ಮಾವ್ರೇ, ಬನ್ನಿ ಇಲ್ಲಿ! ಅದನ್ನ ಸುಡಿಸಿ ಮೊದ್ಲು!"

ಹೆಂಗಸರು ಸರಸರನೆ ಹಿಂದೆ ಸರಿದರು. ಬುಟ್ಟಿಯಿಂದ ಮೀನು ನೆಲಕ್ಕೆ ಚೆಲ್ಲಿತು. ತಾಮು ಬಂದು ಮೂಗು ಮುಚ್ಚಿಕೊಂಡೇ ತೀರ್ಪು ಕೊಟ್ಟಳು.

"ಸುಡೋಕೆ ಇದೇನು ನಿಮ್ಮಪ್ಪನ ಮನೇನಾ? ಮೀನಿನ ಅಂಗಳಕ್ಕೆ ಬಂದ ಬಟ್ಟೆ ಹೊರಗೂ ಹೋಗೋ ಹಾಗಿಲ್ಲ. ಇವತ್ತಿಂದ ಇದೂ ರಾಶಿಗೇ."

"ಅಯ್ಯಯ್ಯೋ, ನಮ್ದರ ಜೊತೆ ಬೆರೆಸಬೇಡಿ!" ಎಂದು ಹೆಂಗಸರೆಲ್ಲ ಬಾಯಿ ಬಡಿದುಕೊಂಡರು.

ಕೊನೆಗೆ ನಲ್ಲಿಯ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆಸಿದರು. ಸಾವಿನ ಬಟ್ಟೆಗೆ ಬೇರೆ ಜಾಗ. ಯಾರೂ ಅದರ ಹತ್ತಿರ ಸುಳಿಯಲಿಲ್ಲ, ಇಝ್ಝಾಳ ಪಕ್ಕದಲ್ಲಿ ಊಟಕ್ಕೂ ಕೂರಲಿಲ್ಲ. ಅವಳಿಗೋ ಒಳಗೊಳಗೇ ಕುಣಿಯುವಷ್ಟು ಖುಷಿ. ಸಂಜೆ ನಲ್ಲಿಯಲ್ಲಿ ಹಿಂಡಿ ಮೊಳೆಗೆ ಹಾಕುತ್ತಿದ್ದಳು. ಬೆಳಗ್ಗೆ ಒಣಗಿ ಗರಿಗರಿಯಾಗಿ ಸಿಗುತ್ತಿತ್ತು. ಬೇರೆಯವರ ಬೆವರಿಲ್ಲ, ಮೈಮೇಲೆ ಒಂದು ಗುಳ್ಳೆಯಿಲ್ಲ. ಮಾತಾಡಿಸದಿದ್ದರೆ ಬೇಡ, ಹಾಳಾಗಿ ಹೋಗಲಿ.

ಆಮೇಲೆ ಮರುಭೂಮಿಯ ಕಡೆಯಿಂದ ಬಿಸಿಗಾಳಿ ಬಂತು. ತಗಡಿನ ಸೂರಿನ ಕೆಳಗೆ ಮೀನಿನ ಮೇಲೆ ಮಂಜುಗಡ್ಡೆ ಹೊಯ್ದಂತೆಲ್ಲ ಕರಗಿತು. ನೈಲಾನ್ ತೊಟ್ಟವರು ಕೆರೆದುಕೊಂಡು ಕೆರೆದುಕೊಂಡು ಸಾಕಾದರು. ಅವರು ಕಣ್ಣ ತುದಿಯಲ್ಲಿ ಇಝ್ಝಾಳನ್ನು ನೋಡುವುದು ಹೆಚ್ಚಾಯಿತು. ಬತೂಲಳ ಕತ್ತು ಕೆಂಪಾಗಿ ಊದಿತ್ತು.

ಒಂದು ಬೆಳಗ್ಗೆ ಇಝ್ಝಾ ಬಂದಾಗ ಮೊಳೆ ಖಾಲಿಯಿತ್ತು. ಬಿಳಿ ಓವರಾಲ್ ಬತೂಲಳ ಮೈಮೇಲಿತ್ತು. ಹೊಟ್ಟೆಯ ಹತ್ತಿರ ಗುಂಡಿಗಳು ಈಗಲೋ ಆಗಲೋ ಎನ್ನುವಂತೆ ಹಿಡಿದಿದ್ದವು.

"ಬಿಚ್ಚೇ ಅದನ್ನ!"

"ಯಾಕೆ? ಬಟ್ಟೆ ತಂದವಳು ನಾನು ತಾನೇ?"

"ಸಾವಿನ ಬಟ್ಟೆ ಅಂತ ಉಗಿದೆಯಲ್ಲೇ. ಮನೇಲಿ ಗಂಡ ಇಲ್ವಾ ನಿಂಗೆ?"

ಬತೂಲ್ ಲವಂಗವನ್ನು ಇನ್ನೊಂದು ದವಡೆಗೆ ತಳ್ಳಿದಳು. "ಇದ್ದಾನೆ. ನೋಡೋಣ ಅಂತಾನೇ ಹಾಕ್ಕೊಂಡಿದ್ದೀನಿ."

ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಾಮು ಕೂಡ ನಕ್ಕಳು. "ಮೊದ್ಲು ಬಂದವರಿಗೆ ಮೊದ್ಲು. ಮೊಳೆ ನಿನ್ನದೇನು? ನಡಿ, ನಡಿ."

ಇಝ್ಝಾ ರಾಶಿಯಿಂದ ಒದ್ದೆ ನೈಲಾನ್ ಎಳೆದು ಹಾಕಿಕೊಂಡಳು. ದಿನವಿಡೀ ಎದುರಿಗೆ ಅವಳ ಹೊಲಿಗೆ, ಅವಳ ನೀಲಿ ಗೆರೆ. ಅವಳು ಅಷ್ಟು ಅಳತೆ ನೋಡಿ ಸೇರಿಸಿದ್ದ ಕಂಕುಳಿನ ಚೌಕ ಬತೂಲಳ ಬೆವರಿಗೆ ಕಪ್ಪಾಗುತ್ತ ಹೋಯಿತು. ಸಂಜೆಯ ಹೊತ್ತಿಗೆ ಇಝ್ಝಾಳ ಕತ್ತಿನಲ್ಲಿ ಎರಡು ಗುಳ್ಳೆ ಎದ್ದಿದ್ದವು. ತಾಮುವಿಗೆ ಕಾಣದಂತೆ ತಲೆವಸ್ತ್ರ ಕೆಳಗೆಳೆದುಕೊಂಡಳು.

ಮರುದಿನ ಅವಳು ಗಂಟೆ ಬಾರಿಸುವ ಮೊದಲೇ ಬಂದು ಗೇಟಿನಲ್ಲಿ ನಿಂತಳು. ಗೇಟು ತೆಗೆದೊಡನೆ ಓಡಿದಳು. ಓವರಾಲ್ ಮೊಳೆಯಲ್ಲಿತ್ತು. ಬತೂಲ್ ಅದನ್ನು ಹಿಂಡುವ ಗೋಜಿಗೂ ಹೋಗಿರಲಿಲ್ಲ. ಕಂಕುಳು ಒದ್ದೆ. ಲವಂಗ, ಮೀನು, ಇನ್ನೊಬ್ಬಳ ಮೈವಾಸನೆ. ನಲ್ಲಿ ಪಕ್ಕದಲ್ಲೇ ಇತ್ತು, ಆದರೆ ಒಗೆಯಲು ಹೊತ್ತೆಲ್ಲಿ? ಬಾಗಿಲ ಹತ್ತಿರ ಚಪ್ಪಲಿಗಳು ಪಟಪಟನೆ ಓಡಿ ಬರುತ್ತಿದ್ದವು, ಒಂದಲ್ಲ, ಹಲವು.

"ಥೂ" ಎಂದಳು ಇಝ್ಝಾ. ಎರಡೂ ತೋಳು ತೂರಿಸಿಕೊಂಡು, ಕತ್ತಿನವರೆಗೂ ಗುಂಡಿ ಹಾಕಿಕೊಂಡಳು.