ಕಟಿಂಗ್ ಮಾಸ್ಟರಿನ ಬಲಗೈ

ಹೊಲಿಗೆ ಅಂಗಡಿಯಲ್ಲಿ ಎಲ್ಲರಿಗೂ ಅವಳು ‘ಮಾಸ್ಟರ್’. ಇಪ್ಪತ್ತೆರಡು ವರ್ಷ ಮೇಜಿನ ಮುಂದೆ ನಿಂತೇ ಬಟ್ಟೆ ಕತ್ತರಿಸಿದವಳು. ಗಿರಾಕಿ ಬಾಗಿಲು ದಾಟಿ ಬರುವಷ್ಟರಲ್ಲಿ ಅವನ ಒಂದು ಭುಜ ಇನ್ನೊಂದಕ್ಕಿಂತ ಎಷ್ಟು ಇಳಿದಿದೆ ಎಂದು ಕಣ್ಣಳತೆಯಲ್ಲೇ ಹೇಳಿಬಿಡುತ್ತಿದ್ದಳು. ಅಂಥವಳಿಗೆ ತನ್ನದೇ ಬಲ ಎದೆಯ ಗಂಟು ಕೈಗೆ ಸಿಕ್ಕಿದ್ದು ಮಾತ್ರ ತಡವಾಗಿ. ಆಪರೇಷನ್ ಆಯಿತು. ಎದೆಯ ಜೊತೆಗೆ ಕಂಕುಳಿನ ಒಂದಷ್ಟು ಗ್ರಂಥಿಗಳನ್ನೂ ತೆಗೆದರು. ಅವುಗಳಲ್ಲಿ ಎರಡಕ್ಕೆ ರೋಗ ತಗುಲಿತ್ತು. ಆಮೇಲೆ ಮೂರು ವಾರಕ್ಕೊಮ್ಮೆ ಕೀಮೋ.

ಮೊದಲೆರಡನ್ನು ಹಲ್ಲು ಕಚ್ಚಿ ಕಳೆದಳು. ಮೂರನೆಯದು ಹಿಂಡಿ ಹಿಪ್ಪೆ ಮಾಡಿತು. ಬಾಯೊಳಗೆಲ್ಲ ಹುಣ್ಣು. ಕುಡಿಯುವ ನೀರಿಗೂ ತುಕ್ಕು ಹಿಡಿದ ಕಬ್ಬಿಣದ ರುಚಿ. ಬೆರಳ ತುದಿಗಳು ಜೋಮು ಹಿಡಿದು, ಗುಂಡುಸೂಜಿ ಕೈಯಲ್ಲಿದೆಯೋ ಬಿದ್ದಿದೆಯೋ ಗೊತ್ತಾಗುತ್ತಿರಲಿಲ್ಲ. ಮನಸ್ಸು ತಡೆಯದೆ ಒಂದು ಬೆಳಿಗ್ಗೆ ಅಂಗಡಿಗೆ ಹೋದಳು. ಹೊಸ ಬಟ್ಟೆಯ ವಾಸನೆ ಮೂಗಿಗೆ ಬಡಿದದ್ದೇ ಹೊಟ್ಟೆ ತೊಳಸಿ ಬಂದು, ಹೊಸ್ತಿಲಿನಿಂದಲೇ ಹಿಂತಿರುಗಿದಳು. ಅರ್ಧ ಆಯಸ್ಸು ಕಳೆದ ಜಾಗವೇ ತನ್ನನ್ನು ಆಚೆ ದಬ್ಬಿತಲ್ಲ ಎಂದು ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮನೆಯಲ್ಲಿ ಗಂಡ ಮತ್ತು ಅತ್ತೆ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಮಿತಭಾಷಿ. ಅತ್ತೆಗೆ ಎಂಬತ್ತರ ಆಸುಪಾಸು, ಮೊಣಕಾಲು ಸೋತಿದ್ದರೂ ಬಾಯಿ ಸೋತಿರಲಿಲ್ಲ. ಮಗ ಕೆಲಸಕ್ಕೆ ಹೋದ ಮೇಲೆ ಅವಳು ಸೊಸೆಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂರುವಳು. ಬಟ್ಟಲಿನಿಂದ ಐಸಿನ ಚೂರುಗಳನ್ನು ಒಂದೊಂದಾಗಿ ಸೊಸೆಯ ಬಾಯಿಗೆ ಹಾಕುವಳು.

“ತಲೆ ಯಾಕೆ ಮುಟ್ಟಿ ಮುಟ್ಟಿ ನೋಡ್ಕೋತೀಯ?” ಎಂದಳು ಒಂದು ದಿನ. “ನಿಂದು ಔಷಧಿಗೆ ಉದುರಿದ್ದು, ಮತ್ತೆ ಬರುತ್ತೆ. ನನ್ನ ಮಗನ್ನ ನೋಡು, ಯಾವ ಔಷಧಿನೂ ಇಲ್ದೆ ಉದುರಿಸ್ಕೊಂಡು ಕೂತಿದಾನೆ. ಬರೋ ಭರವಸೆನೂ ಇಲ್ಲ.”

ಸೊಸೆ ನಕ್ಕಳು. ನಕ್ಕಿದ್ದಕ್ಕೆ ಹುಣ್ಣು ಉರಿಯಿತು. “ನಗಿಸ್ಬೇಡಿ ಅತ್ತೆ, ಉರಿಯುತ್ತೆ,” ಎನ್ನುತ್ತಲೇ ಮತ್ತೆ ನಕ್ಕಳು.

ಐದನೆಯ ಕೀಮೋ ಮುಗಿದ ಮೇಲೆ ರೇಡಿಯೇಷನ್ ಮಾತು ಬಂತು. “ನಿಮ್ಮದು ಗಡಿ ಮೇಲಿರೋ ಕೇಸು,” ಎಂದರು ಕೀಮೋ ಕೊಡುತ್ತಿದ್ದ ಡಾಕ್ಟರು. “ಕೊಟ್ರೆ ರೋಗ ವಾಪಸ್ ಬರೋ ಸಂಭವ ಕಡಿಮೆ ಆಗುತ್ತೆ. ಆದ್ರೆ ಬಲಗೈ ಊದಿಕೊಳ್ಳಬಹುದು. ಊದಿದ್ರೆ ಪೂರ್ತಿ ಇಳಿಯೋದು ಕಷ್ಟ. ಮನೇಲಿ ಮಾತಾಡ್ಕೊಂಡು ಬನ್ನಿ.”

ಕತ್ತರಿ ಹಿಡಿಯುವ ಕೈ! ಅವಳು ದಾರಿಯುದ್ದಕ್ಕೂ ಬಲಗೈ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡಳು.

ಭಾನುವಾರ ತಂಗಿ ಬಂದಳು. “ಸಾಕು ಕಣೇ ಅಕ್ಕಾ, ಇಷ್ಟು ಅನುಭವಿಸಿದ್ದು ಸಾಲ್ದಾ? ಕನ್ನಡೀಲಿ ಮುಖ ನೋಡ್ಕೊಂಡಿದೀಯಾ?” ಎಂದು ಕಣ್ಣೊರೆಸಿಕೊಂಡಳು.

ಎಂದೂ ನಡುವೆ ಬಾಯಿ ಹಾಕದ ಗಂಡ ಅಂದು ಹಾಕಿದ. “ಇಷ್ಟು ಮಾಡಿ ಕೊನೇದನ್ನ ಬಿಡೋದಾ? ಮಾಡಿಸಲೇಬೇಕು.”

“ಕೈ ನಿಮ್ದಲ್ಲ, ನಂದು,” ಎಂದು ಅವಳು ಸಿಡಿದಳು. “ಊದಿದ್ರೆ ಕತ್ತರಿ ಯಾರು ಹಿಡೀತಾರೆ?”

“ನಾನು ಹಿಡೀತೀನಿ.”

“ನೀವು ಹಿಡಿದ್ರೆ ಗಿರಾಕಿ ಪ್ಯಾಂಟು ಹೋಗಿ ಚಡ್ಡಿ ಆಗುತ್ತೆ.”

ಅವನು ನಗಲಿಲ್ಲ. “ನಂಗೆ ನೀನು ಬೇಕು,” ಎಂದಷ್ಟೇ ಹೇಳಿ, ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವನು ಇಂಥ ಮಾತು ಆಡಿದ್ದು ಅದೇ ಮೊದಲು. ಅವಳ ಸಿಟ್ಟು ಇಳಿಯಿತು, ಆದರೆ ಗೊಂದಲ ಇನ್ನಷ್ಟು ಗೋಜಲಾಯಿತು.

ಮರುದಿನ ಮಧ್ಯಾಹ್ನ ಅತ್ತೆಯನ್ನೇ ಕೇಳಿದಳು. “ನೀವೊಬ್ರು ಏನೂ ಹೇಳಲಿಲ್ಲವಲ್ಲ?”

ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಮುದುಕಿ ಚಾಕು ಕೆಳಗಿಟ್ಟಳು. “ನನ್ನ ಕೇಳ್ಬೇಡ ಕಣಮ್ಮಾ. ಮಾಡಿಸ್ಬೇಡ ಅಂತ ಹೇಳಿ, ಆಮೇಲೆ ಹೆಚ್ಚುಕಮ್ಮಿ ಆದ್ರೆ ನೀನಿರಲ್ಲ, ನಾನಿರ್ತೀನಿ. ಮಾಡಿಸ್ಕೋ ಅಂದು ಕೈ ಹೋದ್ರೆ ದಿನಾ ನಿನ್ನ ಕೈ ನೋಡ್ಬೇಕು. ಎರಡನ್ನೂ ಹೊರೋ ಶಕ್ತಿ ಈ ವಯಸ್ಸಲ್ಲಿ ನಂಗಿಲ್ಲ.” ಚಾಕು ಮತ್ತೆ ಎತ್ತಿಕೊಂಡು ಹೇಳಿದಳು, “ಒಲೆ ಮುಂದೆ ನಿಲ್ಲು ಅನ್ನು, ನಿಲ್ತೀನಿ. ಬಟ್ಟೆ ಒಗಿ ಅನ್ನು, ಒಗೀತೀನಿ.”

ಮುದುಕಿ ಸಿಪ್ಪೆ ತೆಗೆದಾಗಿದ್ದ ಆಲೂಗಡ್ಡೆಯನ್ನೇ ಮತ್ತೆ ಕೆರೆಯುತ್ತಿದ್ದಳು. ಯಾವಾಗಲೂ ಚಟಪಟ ಮಾತಾಡುವವಳು ಇಷ್ಟು ಹೆದರಿದ್ದಾಳೆ ಎಂದು ಸೊಸೆಗೆ ಗೊತ್ತೇ ಇರಲಿಲ್ಲ. ತಂಗಿಯ ಅಳುವಿನಲ್ಲೂ ಗಂಡನ ಹಟದಲ್ಲೂ ಇದ್ದದ್ದು ಇದೇ ಹೆದರಿಕೆ ಎಂದು ಆಗ ಹೊಳೆಯಿತು. ಅವರ ಮಾತು ಕೇಳಿ ತೀರ್ಮಾನ ಮಾಡುವುದು ಆಗದ ಕೆಲಸ. ಎದ್ದು ಕೂತು, ಹಳೆಯ ರವಿಕೆ ಅಳತೆಯ ಕಾಗದದ ಹಿಂಬದಿಗೆ ಪ್ರಶ್ನೆಗಳನ್ನು ಬರೆಯತೊಡಗಿದಳು. ಜೋಮು ಬೆರಳಿಗೆ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಯಿತು.

ರೇಡಿಯೇಷನ್ ವಿಭಾಗದ ಡಾಕ್ಟರಮ್ಮ ಗಡಿಬಿಡಿಯ ಹೆಂಗಸು. ಆ ಕಾಗದದ ಉದ್ದ ನೋಡಿ ಗಡಿಯಾರ ನೋಡಿದರು. ಅವಳು ಕ್ಯಾರೇ ಅನ್ನಲಿಲ್ಲ.

“ಎಲ್ಲಿಂದ ಎಲ್ಲಿವರೆಗೆ ಕೊಡ್ತೀರಿ? ನನ್ನ ಮೈ ಮೇಲೇ ಬೆರಳಿಟ್ಟು ತೋರಿಸಿ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ನೀವೇನು ಕೆಲ್ಸ ಮಾಡ್ತೀರಿ?”

“ಬಟ್ಟೆ ಕತ್ತರಿಸ್ತೀನಿ. ಗೆರೆ ಎಲ್ಲಿ ಬೀಳುತ್ತೆ ಅಂತ ಗೊತ್ತಿಲ್ದೆ ಕತ್ತರಿ ಹಾಕಲ್ಲ.”

ಅವರು ನಕ್ಕು ಕುರ್ಚಿಯಿಂದ ಎದ್ದು ಬಂದರು. ಎದೆಯ ಗೋಡೆ, ಕತ್ತಿನ ಬುಡ, ಭುಜದ ಅಂಚು ಎಂದು ಬೆರಳಾಡಿಸಿದರು. “ಕಂಕುಳಲ್ಲಿ ಆಪರೇಷನ್ ಆದ ಭಾಗ ಬಿಡ್ತೀವಿ. ಅಲ್ಲಿ ರೋಗ ಉಳಿದಿಲ್ಲ. ಅಲ್ಲಿಗೂ ಕೊಟ್ರೆ ಊತ ಜಾಸ್ತಿ.”

“ಬಿಟ್ರೆ ಊದಲ್ವಾ?”

“ಊದಲ್ಲ ಅಂತ ಬರೆದುಕೊಡಕ್ಕಾಗಲ್ಲ. ಸಂಭವ ಕಡಿಮೆ. ಇವತ್ತಿಂದಾನೇ ಕೈಗೆ ವ್ಯಾಯಾಮ ಹೇಳ್ಕೊಡಿಸ್ತೀನಿ.”

ಬರೆದುಕೊಡಕ್ಕಾಗಲ್ಲ ಎಂಬ ಮಾತೇ ಅವಳಿಗೆ ಧೈರ್ಯ ಕೊಟ್ಟಿತು. ಒಗೆದರೂ ಬಟ್ಟೆ ಕುಗ್ಗುವುದೇ ಇಲ್ಲ ಎಂದು ಆಣೆ ಇಡುವ ಅಂಗಡಿಯವರನ್ನು ಅವಳು ಎಂದೂ ನಂಬಿದವಳಲ್ಲ. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಗಂಡನಿಗೆ, “ಮಾಡಿಸ್ಕೋತೀನಿ. ನೀವು ಹೇಳಿದ್ರಿ ಅಂತಲ್ಲ,” ಎಂದಳು. ಅವನು ತಲೆ ಆಡಿಸಿ ಅವಳ ಚೀಲ ಎತ್ತಿಕೊಂಡ.

ಕೊನೆಯ ಕೀಮೋ ಮುಗಿಸಿ, ಬಾಯಿ ಹುಣ್ಣು ಮಾಯ್ದ ಮೇಲೆ ರೇಡಿಯೇಷನ್ ಶುರುವಾಯಿತು. ಇಪ್ಪತ್ತೈದು ದಿನ ಆಸ್ಪತ್ರೆ ಬಸ್ಸು ಹತ್ತಿದಳು. ಮೂರನೆಯ ವಾರ ಚರ್ಮ ಕಪ್ಪಾಗಿ ಸುಲಿಯಿತು, ಮಧ್ಯಾಹ್ನವೆಲ್ಲ ಕಣ್ಣು ಎಳೆಯುವಂಥ ಸುಸ್ತು. ಆದರೆ ಕೀಮೋದಂತೆ ನೆಲಕ್ಕೆ ಕೆಡವಲಿಲ್ಲ.

ಮುಂದಿನ ವರ್ಷ ಕೈ ಊದಿತು. ಹೆಚ್ಚಲ್ಲ, ಬಳೆ ಏರದಷ್ಟು. ಊತ ಏರದಂತೆ ಒತ್ತಿಹಿಡಿಯುವ ಬಿಗಿ ತೋಳುಚೀಲ ಹಾಕಿಕೊಂಡು ಅಂಗಡಿಗೆ ಅರ್ಧ ದಿನ ಹೋಗತೊಡಗಿದಳು. ದಪ್ಪ ಕೋಟಿನ ಬಟ್ಟೆಯನ್ನು ಬೇರೆಯವರು ಕತ್ತರಿಸಿದರು, ಗೆರೆ ಮಾತ್ರ ಅವಳೇ ಹಾಕುತ್ತಿದ್ದಳು. ಅದುವರೆಗೆ ಆದ ಎರಡು ತಪಾಸಣೆಯಲ್ಲೂ ರೋಗದ ಸುಳಿವಿರಲಿಲ್ಲ.

“ಮಾಡಿಸ್ಕೊಂಡಿದ್ದು ಸರಿ ಅನ್ಸುತ್ತೇನೇ ಅಕ್ಕಾ?” ಎಂದು ತಂಗಿ ಒಮ್ಮೆ ಅಂಗಡಿಯಲ್ಲಿ ಕೇಳಿದಳು.

“ಕೈ ಭಾರ ಆದ ದಿನ ಅನ್ಸಲ್ಲ,” ಎಂದಳು ಮಾಸ್ಟರ್. “ಉಳಿದ ದಿನ ಅದರ ನೆನಪೇ ಆಗಲ್ಲ.”

ಬಾಗಿಲಲ್ಲಿ ಯಾರೋ ಮದುವೆ ಗಂಡನ್ನು ಅಳತೆಗೆ ಕರೆತಂದಿದ್ದರು. ಹುಡುಗ ನಾಚಿಕೆಯಿಂದ ಮುದುಡಿ ನಿಂತಿದ್ದ. “ನೆಟ್ಟಗೆ ನಿಂತ್ಕೊಳಪ್ಪಾ, ನಾನೇನು ಹೆಣ್ಣಿನ ಕಡೆಯವಳಲ್ಲ,” ಎಂದು ಅವಳು ಟೇಪು ಬಿಚ್ಚಿದಳು.